ಕರೆಯುವ ಹೆಸರು

ತೊಂದರೆ ಶುರುವಾದದ್ದು ಬಾಗಿಲಿನಿಂದ. ಹಾಸಿಗೆ, ದಿಂಬು ತಯಾರಿಸುವ ಆ ಕಂಪನಿಯ ಮುಂಬಾಗಿಲಿಗೆ ಹಿಂದಿನ ದಿನವಷ್ಟೇ ಬಾಯಿ ಬಂದಿತ್ತು. ಕಾರ್ಡ್ ಹಿಡಿದರೆ ಸಾಕು, ಹಿಡಿದವರ ಹೆಸರನ್ನು ಪರದೆಯ ಮೇಲೆ ಬರೆದು, ಸ್ಪೀಕರಿನಲ್ಲಿ ಕೂಗಿ ಒಳಗೆ ಬಿಡುತ್ತಿತ್ತು. ಇದನ್ನೆಲ್ಲ ಜೋಡಿಸಿದವನು ಕಂಪನಿಯ ಕಂಪ್ಯೂಟರಿನವನು. ಬೆಳಿಗ್ಗೆ ಬೇಗನೆ ಬಂದು, ಕೂದಲು ಸರಿಮಾಡಿಕೊಂಡು, ಮೊದಲ ಸಲ ಕಾರ್ಡ್ ಹಿಡಿದ.

"ಸುಸ್ವಾಗತ, ಸಪ್ಪೆ," ಎಂದಿತು ಬಾಗಿಲು.

ಬೆನ್ನ ಹಿಂದೆಯೇ ಬಂದಿದ್ದ ಸ್ಟೋರಿನವನು ಕಿಸಕ್ಕನೆ ನಕ್ಕ.

ಸಪ್ಪೆ ಎಂಬುದು ಆಫೀಸು ಅವನಿಗೆ ಇಟ್ಟ ಅಡ್ಡಹೆಸರು. ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಕ್ಯಾಂಟೀನಿನವರು ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತಿದ್ದರು. ಉಳಿದವರೆಲ್ಲ ತಟ್ಟೆ ತಳ್ಳಿ ರಂಪ ಮಾಡುತ್ತಿದ್ದರೆ ಇವನೊಬ್ಬ ತಲೆ ತಗ್ಗಿಸಿಕೊಂಡು ಪೂರ್ತಿ ಊಟ ಮುಗಿಸಿ, ಕೈ ತೊಳೆದು ಬಂದು, "ಯಾಕೆ, ಏನಾಯ್ತು?" ಎಂದು ಕೇಳಿದ್ದ. ಅಂದು ಅಂಟಿಕೊಂಡ ಹೆಸರು ಆಮೇಲೆ ಬಿಟ್ಟಿರಲಿಲ್ಲ. ಅವನಿಗೆ ಒಳಗೊಳಗೇ ಬಹಳ ನೋವಾಗುತ್ತಿತ್ತು. ಆದರೆ ಬೇಡ ಎಂದು ಬಾಯಿ ಬಿಟ್ಟು ಹೇಳುವಂಥವನಾಗಿದ್ದರೆ ಆ ಹೆಸರೇ ಬರುತ್ತಿರಲಿಲ್ಲ.

ಮನೆಗೆ ಮಾತ್ರ ಈ ಸುದ್ದಿ ಮುಟ್ಟಿರಲಿಲ್ಲ. ಮನೆಯಲ್ಲಿ ಅವನು ದೊಡ್ಡ ಮನುಷ್ಯ. ನಿನ್ನೆ ಊಟಕ್ಕೆ ಕೂತಾಗ ಮಗಳ ಮುಂದೆ ಜಂಬ ಕೊಚ್ಚಿಕೊಂಡಿದ್ದ. "ನಾನು ಹೋದ್ರೆ ಬಾಗಿಲೇ ಹೆಸರು ಹಿಡಿದು ಕರೆಯುತ್ತೆ ಗೊತ್ತಾ ಮರಿ?"

"ನಿಜವಾಗ್ಲೂ? ನಾನೂ ಕೇಳ್ಬೇಕಪ್ಪ!"

ಇವತ್ತು ಸಂಜೆ ಶಾಲೆ ಬಿಟ್ಟ ಕೂಡಲೇ ಮಗಳು ಅಮ್ಮನ ಜೊತೆ ಬರುತ್ತಾಳೆಂದು ಮಾತಾಗಿತ್ತು. ಅಷ್ಟರೊಳಗೆ ಆ ಹೆಸರು ಹೋಗಬೇಕು. ಮಗಳ ಕಣ್ಣಲ್ಲಿ ತಾನು ಸಪ್ಪೆಯಾಗಬಾರದು.

ಅವನು ನೇರವಾಗಿ ಲೆಕ್ಕದ ಮೇಡಂ ಹತ್ತಿರ ಹೋದ. ಸಿಬ್ಬಂದಿಯ ವಿವರ ತುಂಬಿಕೊಟ್ಟವರು ಅವರೇ.

"ಮೇಡಂ, ಇದೇನು ನನ್ನ ಹೆಸರು ಹೀಗೆ ಬರೆದಿದೀರಿ?"

"ನೀವೇ ಕೇಳಿದ್ರಲ್ಲ! ಪೂರ್ತಿ ಹೆಸರು, ವಿಭಾಗ, ಆಮೇಲೆ 'ಕರೆಯುವ ಹೆಸರು'. ಎಲ್ಲರೂ ನಿಮ್ಮನ್ನ ಹಾಗೇ ತಾನೇ ಕರೆಯೋದು? ನಾನೇನು ಸುಳ್ಳು ಬರೀಲಾ?"

"ಹಾಗಾದ್ರೆ ಯಜಮಾನರದ್ದು ಏನು ಬರೆದ್ರಿ?"

"ಅದನ್ನ ಖಾಲಿ ಬಿಟ್ಟೆ. ನನಗೂ ಕೆಲಸ ಬೇಕಲ್ಲಪ್ಪ."

ಸಿಬ್ಬಂದಿಯ ಗುರುತುಗಳನ್ನೆಲ್ಲ ಕಂಪನಿ ದೂರದ ಒಂದು ಕ್ಲೌಡ್ ಸೇವೆಗೆ ಒಪ್ಪಿಸಿತ್ತು. ಅದರ ನಿಯಮ ಸರಳ. ಲಾಗಿನ್ ಆದವರು ತಮ್ಮ ಪ್ರೊಫೈಲನ್ನು ತಾವು ತಿದ್ದಿಕೊಳ್ಳಬಹುದು, ಇನ್ನೊಬ್ಬರದಕ್ಕೆ ಕೈ ಹಾಕುವಂತಿಲ್ಲ. ಎಲ್ಲರದನ್ನೂ ತಿದ್ದುವ ಅಧಿಕಾರ ಯಜಮಾನರೊಬ್ಬರಿಗೆ. "ಬೀಗದ ಕೈ ನನ್ನ ಹತ್ರಾನೇ ಇರ್ಲಿ," ಎಂದು ಅವರು ಮೊದಲ ದಿನವೇ ಹೇಳಿ ಇಸಿದುಕೊಂಡಿದ್ದರು.

ನನ್ನದನ್ನು ನಾನು ತಿದ್ದಿಕೊಂಡರಾಯಿತು ಎಂದು ಕಂಪ್ಯೂಟರಿನವನು ಆ ಸೇವೆಯ ಎಪಿಐ ಎಂಬ ಕಿಂಡಿಗೆ ಮಾತು ಮುಟ್ಟಿಸುವ ಪುಟವೊಂದನ್ನು ಬರೆಯಲು ಕೂತ. ಒಂದು ಖಾನೆ, ಒಂದು ಗುಂಡಿ. ಖಾನೆಯಲ್ಲಿ ಹೆಸರು ಬರೆದು ಗುಂಡಿ ಒತ್ತಿದರೆ, ಆ ಹೊತ್ತಿಗೆ ಯಾರು ಲಾಗಿನ್ ಆಗಿದ್ದಾರೋ ಅವರ ಕರೆಯುವ ಹೆಸರು ಬದಲಾಗುತ್ತದೆ. ತನಗೆ ಯಾವ ಹೆಸರಿಡಬೇಕೆಂಬುದನ್ನೂ ಬರೆಯುತ್ತ ಬರೆಯುತ್ತಲೇ ಗೊತ್ತುಮಾಡಿಕೊಂಡ. ಸರದಾರ.

ಪುಟ ಸಿದ್ಧವಾಗುವ ಹೊತ್ತಿಗೆ ಅವನ ಮೇಜಿನ ಹಳೆಯ ಕಂಪ್ಯೂಟರು ಉಸಿರು ಬಿಗಿಹಿಡಿದು ನಿಂತುಬಿಟ್ಟಿತು. ಕಾಯುವಷ್ಟು ತಾಳ್ಮೆ ಅವನಿಗಿರಲಿಲ್ಲ. ಮೀಟಿಂಗ್ ರೂಮಿಗೆ ಓಡಿ, ಅಲ್ಲಿನ ಕಂಪ್ಯೂಟರಿನಲ್ಲಿ ಪುಟ ತೆರೆದ. ಈಗಿರುವ ಹೆಸರನ್ನು ತೋರಿಸಬೇಕಿದ್ದ ಖಾನೆ ಖಾಲಿ ಇತ್ತು. ಪುಟಕ್ಕೆ ಹಳೆಯ ಹೆಸರನ್ನು ಓದಲು ಬರುತ್ತಿಲ್ಲ ಎಂದುಕೊಂಡು, ಉಳಿಸಲಾದರೂ ಬರುತ್ತದೋ ನೋಡೋಣವೆಂದು ಖಾನೆಯಲ್ಲಿ 'ಸಪ್ಪೆ' ಎಂದೇ ಬರೆದು ಗುಂಡಿ ಒತ್ತಿದ. ಉಳಿಯಿತು. ಮತ್ತೆ ತೆರೆದ. 'ಸಪ್ಪೆ' ಎಂದು ನೀಟಾಗಿ ತೋರಿಸಿತು. ಎಲ್ಲ ಸರಿಯಿದೆ ಎಂದು ಖುಷಿಯಿಂದ 'ಸರದಾರ' ಬರೆಯಲು ಹೊರಟವನ ಕಣ್ಣು ಪರದೆಯ ಮೂಲೆಗೆ ಹೋಯಿತು. ಅಲ್ಲಿ ಒಂದು ಸಣ್ಣ ಫೋಟೋ. ಫೋಟೋದಲ್ಲಿ ದಪ್ಪ ಮೀಸೆ. ಯಜಮಾನರು!

ಬೆಳಿಗ್ಗೆ ಗಿರಾಕಿಗಳಿಗೆ ಹೊಸ ಹಾಸಿಗೆಗಳ ಚಿತ್ರ ತೋರಿಸಿದ ಯಜಮಾನರು ಲಾಗೌಟ್ ಆಗದೆ ಎದ್ದು ಹೋಗಿದ್ದರು. ಇವನು ಇಷ್ಟು ಹೊತ್ತು ಅವರ ಹೆಸರಿನಲ್ಲಿ ಕೂತಿದ್ದ.

ಅಳಿಸಲು ಕೈ ಎತ್ತುವಷ್ಟರಲ್ಲಿ ಪರದೆ ಕಪ್ಪಾಯಿತು. ಪೊರಕೆ ಹಿಡಿದು ನಿಂತಿದ್ದ ಆಯಮ್ಮನ ಇನ್ನೊಂದು ಕೈಯಲ್ಲಿ ಪ್ಲಗ್ಗು ಇತ್ತು.

"ಯಾಕಮ್ಮ ಕಿತ್ತೆ!"

"ಕೆಲಸ ಆದ ಮೇಲೆ ಆಫ್ ಮಾಡಿ ಅಂತ ನೀವೇ ಅಲ್ವಾ ಗೋಡೆ ಮೇಲೆ ಅಂಟಿಸಿರೋದು? ಯಾರೂ ಮಾಡಲ್ಲ. ದಿನಾ ನಾನೇ ಕೀಳೋದು."

ಮತ್ತೆ ಹಚ್ಚಿದರೆ ಅದು ಯಜಮಾನರ ಪಾಸ್‌ವರ್ಡ್ ಕೇಳಿತು. ಹಾಗೆ ಕೇಳಬೇಕೆಂದು ಏರ್ಪಾಡು ಮಾಡಿದವನೂ ಇವನೇ.

ಅಷ್ಟರಲ್ಲಿ ಕಾರ್ಖಾನೆ ಸುತ್ತಿಕೊಂಡು ಯಜಮಾನರು ಮುಂಬಾಗಿಲಿಗೆ ಬರುವುದು ಕಿಟಕಿಯಿಂದ ಕಂಡಿತು. ಇವನು ಬಿದ್ದಂಬೀಳ ಓಡಿ ಬಾಗಿಲ ಬಳಿ ಮುಟ್ಟುವುದಕ್ಕೂ ಅವರು ಕಾರ್ಡ್ ಹಿಡಿಯುವುದಕ್ಕೂ ಸರಿಹೋಯಿತು.

"ಸುಸ್ವಾಗತ, ಸಪ್ಪೆ."

ಆಫೀಸಿನಲ್ಲಿ ಕೀಲಿಮಣೆಗಳೆಲ್ಲ ಒಟ್ಟಿಗೆ ನಿಂತವು. ಯಜಮಾನರು ಬಾಗಿಲನ್ನೊಮ್ಮೆ, ಏದುಸಿರು ಬಿಡುತ್ತ ನಿಂತಿದ್ದ ಇವನನ್ನೊಮ್ಮೆ ನೋಡಿದರು. "ನಿನ್ನನ್ನೇ ಕರೀತಿದೆ ನೋಡಪ್ಪ. ಒಳಗಿರೋನನ್ನ ಮತ್ತೆ ಕರೆಯುತ್ತಲ್ಲ, ಏನು ಬಾಗಿಲಯ್ಯ ಇದು!" ಎಂದು ತಮ್ಮ ಕೋಣೆಗೆ ಹೋದರು.

ತಕ್ಷಣ ಇವನ ಸುತ್ತ ಸಲಹೆಗಾರರ ಸಂತೆ ನೆರೆಯಿತು. "ಹೋಗಿ ತಪ್ಪಾಯ್ತು ಅಂತ ಕಾಲು ಹಿಡ್ಕೊಳ್ಳಿ," ಎಂದರು ಲೆಕ್ಕದ ಮೇಡಂ. "ಛೇ ಛೇ, ಹೇಳೋದು ಯಾಕೆ? ಬಾಗಿಲಿನ ಬಾಯಿ ಮುಚ್ಚಿಸಿದ್ರಾಯ್ತು," ಎಂದ ಸ್ಟೋರಿನವನು, ಒಳಗಿನಿಂದ ಎರಡು ದಿಂಬು ತಂದು ಸ್ಪೀಕರಿಗೆ ಅದುಮಿ ಹಗ್ಗ ಬಿಗಿದ. ಆಮೇಲೆ ಬಂದವರಿಗೆಲ್ಲ ಬಾಗಿಲು ಹೊದಿಕೆಯೊಳಗಿನಿಂದ ನರಳಿದಂತೆ ಕೇಳಿಸಿತು.

ಕಂಪ್ಯೂಟರಿನವನು ಧೈರ್ಯ ಮಾಡಿ ಯಜಮಾನರ ಕೋಣೆಗೆ ಹೋದ.

"ಸಾರ್, ನನ್ನೆದುರಿಗೆ ಒಂದ್ಸಲ ಲಾಗಿನ್ ಆಗ್ತೀರಾ?"

"ಯಾಕೆ?"

"ಸುಮ್ನೆ, ಸಾರ್."

"ಸುಮ್ಸುಮ್ನೆ ಲಾಗಿನ್ ಆಗೋಕೆ ನಾನೇನು ಕೆಲಸವಿಲ್ದೆ ಕೂತಿದೀನಾ? ಮಧ್ಯಾಹ್ನ ಆಯ್ತು, ನಡಿ ಊಟಕ್ಕೆ."

ಊಟ ಎಂದದ್ದೇ ಅವನಿಗೆ ಇನ್ನೊಂದು ನೆನಪಾಯಿತು. ಕ್ಯಾಂಟೀನಿನ ಯಂತ್ರವೂ ಕಾರ್ಡ್ ನೋಡಿಯೇ ಚೀಟಿ ಕೊಡುತ್ತದೆ. ಚೀಟಿಯ ಮೇಲೆ ಕರೆಯುವ ಹೆಸರು ಬರುತ್ತದೆ. ಅದನ್ನೂ ಜೋಡಿಸಿದವನು ತಾನೇ.

ಯಜಮಾನರು ಕಾರ್ಡ್ ಹಿಡಿದರು. ಕನ್ನಡಕ ಜೇಬಿನಲ್ಲೇ ಇದ್ದದ್ದರಿಂದ ಚೀಟಿ ಓದದೆ ಅಡುಗೆಯವನಿಗೆ ಕೊಟ್ಟರು. ಹಿಂದೆಯೇ ಇವನದೂ ಹೋಯಿತು. ಅಡುಗೆಯವನು ಅಂದೇ ಕೆಲಸಕ್ಕೆ ಬಂದಿದ್ದವನು, ಯಾರ ಗುರುತೂ ಇಲ್ಲದವನು. ಎರಡು ಚೀಟಿಗಳನ್ನೂ ನೋಡಿ ಒಳಗೆ ತಿರುಗಿ ಕೂಗಿದ. "ಇಬ್ರಿಗೆ ಸಪ್ಪೆ! ಉಪ್ಪು ಹಾಕೋಕೆ ಮುಂಚೆ ತೆಗೆದಿಡಿ!"

ಇಬ್ಬರೂ ಎದುರುಬದುರು ಕೂತರು. ಯಜಮಾನರು ಮೊದಲ ತುತ್ತು ಬಾಯಿಗಿಟ್ಟು ತಟ್ಟೆಯನ್ನು ನೋಡಿದರು. ಎರಡನೆಯದನ್ನು ಇಟ್ಟರು. ಆಮೇಲೆ ಕನ್ನಡಕ ಹಾಕಿಕೊಂಡು, ಅಡುಗೆಯವನನ್ನು ಕರೆದು, ಚೀಟಿ ತರಿಸಿ ಓದಿದರು. ಕಂಪ್ಯೂಟರಿನವನು ಏನು ಮಾಡಲೂ ತೋಚದೆ, ತಲೆ ತಗ್ಗಿಸಿಕೊಂಡು ಉಪ್ಪಿಲ್ಲದ ಊಟವನ್ನು ಉಣ್ಣುತ್ತಲೇ ಹೋದ.

"ಯಾರು ಮಾಡಿದ್ದು ಇದನ್ನ?"

"ನಾನೇ ಸಾರ್," ಎಂದ.

"ಡಾಕ್ಟರು ಉಪ್ಪು ಮುಟ್ಟಬೇಡಿ ಅಂತ ಹೇಳಿ ಎಷ್ಟು ಕಾಲ ಆಯ್ತು! ಈ ಕ್ಯಾಂಟೀನಿನವರಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿ ಹೋಗಿತ್ತು. ನಾನು ಬಾಯಿ ಬಿಡದೇನೇ ಇವತ್ತು ಸಪ್ಪೆ ಊಟ ಬಂತಲ್ಲಯ್ಯ!" ಯಜಮಾನರ ಕಣ್ಣು ತುಂಬಿಬಂದಿತ್ತು. "ಅದೂ ಸಾಲದು ಅಂತ, ನನಗೆ ಜೊತೆಯಾಗ್ಲಿ ಅಂತ ನೀನೂ ಉಪ್ಪು ಬಿಟ್ಟು ಕೂತಿದೀಯ. ಸ್ವಂತ ಮಗ ಮಾಡಲ್ಲ ಇದನ್ನ."

ಕಂಪ್ಯೂಟರಿನವನಿಗೆ ಹೋದ ಜೀವ ಬಂದಂತಾಯಿತು. ಇದೇ ಸಮಯವೆಂದು ಬಾಯಿ ಬಿಟ್ಟ. "ಸಾರ್, ಒಂದೇ ಹೆಸರು ಇಬ್ರಿಗಿದ್ರೆ ಗೊಂದಲ ಆಗುತ್ತೆ. ನಂದನ್ನ ಬದಲಾಯಿಸಿಬಿಡ್ತೀನಿ."

"ಹೌದು, ಬದಲಾಯಿಸ್ಬೇಕು. ನಾನೇ ಮಾಡ್ತೀನಿ, ಅಡ್ಮಿನ್ ಅಲ್ವಾ ನಾನು?"

"ಬೇಡ ಸಾರ್, ನಾನೇ..."

"ನೀನು ಕೈ ತೊಳ್ಕೋ ಹೋಗು."

ಅವನು ಕೈ ತೊಳೆದು ಕೋಣೆಗೆ ಓಡುವಷ್ಟರಲ್ಲಿ ಯಜಮಾನರು ಕೆಲಸ ಮುಗಿಸಿ ಮೀಸೆ ತಿರುವುತ್ತಿದ್ದರು. ನಾಳೆ ಯಾರೋ ಬೇಕಾದ ಹೆಸರಿಟ್ಟುಕೊಂಡು ತಮ್ಮ ಊಟ ತಪ್ಪಿಸಬಾರದೆಂದು, ಕರೆಯುವ ಹೆಸರನ್ನು ಇನ್ನು ಮುಂದೆ ಸಿಬ್ಬಂದಿ ತಿದ್ದಲಾಗದಂತೆ ಕಟ್ಟಪ್ಪಣೆಯನ್ನೂ ಮಾಡಿದ್ದರು. "ಏನಿಟ್ಟೆ ಅಂತ ಈಗ ಹೇಳಲ್ಲ, ಬಾಗಿಲೇ ಹೇಳುತ್ತೆ. ಅಂದ ಹಾಗೆ ಯಾವನೋ ಅದಕ್ಕೆ ದಿಂಬು ಕಟ್ಟಿದ್ದ. ಬಿಚ್ಚಿಸಿ, ದನಿಯನ್ನ ಇನ್ನೂ ಸ್ವಲ್ಪ ಜೋರು ಮಾಡಿಸಿದೀನಿ."

ಏನೇ ಆಗಲಿ, ಸಪ್ಪೆಯಂತೂ ಹೋಯಿತಲ್ಲ ಎಂದು ಅವನು ಸಮಾಧಾನ ಮಾಡಿಕೊಂಡ. ಮಗನಿಗಿಂತ ಹೆಚ್ಚು ಎಂದವರು ಕೆಟ್ಟ ಹೆಸರು ಇಟ್ಟಾರೆಯೇ? ಸಂಜೆ ಮಗಳು ಬಂದಾಗ ಹಗುರ ಮನಸ್ಸಿನಿಂದ ಹೊರಗೆ ಹೋಗಿ ಕೈ ಹಿಡಿದುಕೊಂಡ. ಹೆಂಡತಿ ಪಕ್ಕದಲ್ಲಿ ನಿಂತಳು. ಗಾಜಿನ ಆಚೆ ಲೆಕ್ಕದ ಮೇಡಂ, ಸ್ಟೋರಿನವನು, ಆಯಮ್ಮ ಎಲ್ಲ ಸಾಲಾಗಿ ಸೇರಿದ್ದರು. ಅವನು ಬೆನ್ನು ನೆಟ್ಟಗೆ ಮಾಡಿ ಕಾರ್ಡ್ ಹಿಡಿದ.

"ಸುಸ್ವಾಗತ, ಮರಿ ಸಪ್ಪೆ!" ಎಂದಿತು ಬಾಗಿಲು, ಬೀದಿಗೆಲ್ಲ ಕೇಳುವಂತೆ.

ಆಫೀಸು ಗೊಳ್ಳೆಂದಿತು. ಯಜಮಾನರು ಒಳಗಿನಿಂದ ಹೆಮ್ಮೆಯಿಂದ ಕೈ ಬೀಸಿದರು. ಮಗಳು ಮಾತ್ರ ಅಪ್ಪನ ಕೈ ಕೊಡವಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಕೆಳತುಟಿ ಆಗಲೇ ಅದುರುತ್ತಿತ್ತು.

"ಮರಿ ಅಂದ್ರೆ ನಾನಲ್ವಾ? ನಿಮ್ಮ ಹೆಸರು ಹೇಳುತ್ತೆ ಅಂತ ಕರ್ಕೊಂಡು ಬಂದು, ನನ್ನನ್ನ ಯಾಕಪ್ಪ ಸಪ್ಪೆ ಅನ್ನಿಸಿದ್ರಿ?"

"ಇಲ್ಲ ಮರಿ, ಅದು ನೀನಲ್ಲ," ಎಂದು ಅವನು ತಡಬಡಾಯಿಸಿದ.

"ಮತ್ತೆ ಇನ್ಯಾರು?"

ಅವನು ಹೆಂಡತಿಯ ಮುಖ ನೋಡಿದ, ಗಾಜಿನ ಆಚೆ ಕಾದು ನಿಂತಿದ್ದ ಆಫೀಸನ್ನು ನೋಡಿದ. ನಾನೇ ಎಂದರೆ ಮಗಳ ಮುಂದೆ ತಾನು ಸಪ್ಪೆ, ಎನ್ನದಿದ್ದರೆ ಮಗಳೇ ಸಪ್ಪೆ. ಬಾಗಿಲು ಇನ್ನೂ ತೆರೆದೇ ಇತ್ತು.