ನಾನು ಕೋಪ ಬಿಟ್ಟ ಎರಡು ಹೋಟೆಲುಗಳು

ಕೋಪವನ್ನು ಗೆಲ್ಲುವುದು ಅಂಥ ಘನಕಾರ್ಯವೇನಲ್ಲ. ನಾನು ಗೆದ್ದಿದ್ದೇನೆ. ಮೊದಲ ಹೋಟೆಲು ಬಿಡುವವರೆಗೆ ಗೆದ್ದಿದ್ದೆ ಎಂದರೆ ಇನ್ನೂ ಸರಿ.

ಥೀಮ್ ಪಾರ್ಕಿನ ಗೇಟಿನೆದುರು ಹೋಟೆಲು. ಹೋಗಿ ಇಳಿದ ಸಂಜೆಯೇ, ನಾನು ಹೋದಲ್ಲೆಲ್ಲ ಜೊತೆಗೆ ಬರುವ ಅಂಗೈಯಗಲದ ದೇವರ ಪಟವನ್ನು ಬೀರುವಿನ ಮೇಲಿನ ಹಲಗೆಯಲ್ಲಿಟ್ಟೆ. ಟೀವಿಯ ಪಕ್ಕ ಇಡಲು ಮನಸ್ಸು ಬರಲಿಲ್ಲ. ಕೈಮುಗಿದು, "ಈ ರಜೆ ಮುಗಿಯುವವರೆಗೆ ಯಾರ ಮೇಲೂ ರೇಗುವುದಿಲ್ಲ, ನೀನೇ ಸಾಕ್ಷಿ" ಎಂದು ಗಟ್ಟಿಯಾಗಿಯೇ ಹೇಳಿದೆ.

ಹಿಂದೆ ಕೂತು ಮಂಡಿ ನೀವಿಕೊಳ್ಳುತ್ತಿದ್ದ ಅತ್ತೆ, "ಪಾಪ, ಅವನನ್ನ ಯಾಕಮ್ಮ ಸಿಕ್ಕಿಸ್ತೀಯ?" ಎಂದರು.

ಅರ್ಧ ರಜೆ ಈ ಹೋಟೆಲಿನಲ್ಲಿ, ಉಳಿದರ್ಧ ಊರಿನ ಆಚೆ ತುದಿಯ, ಈಜುಕೊಳವಿರುವ ಇನ್ನೊಂದರಲ್ಲಿ. ಇದು ನಮ್ಮ ಯಜಮಾನರ ತಲೆಯಿಂದ ಹುಟ್ಟಿದ ಮಹಾಯೋಜನೆ.

"ಒಂದೇ ಕಡೆ ಇರಬಾರದೇನ್ರೀ?" ಎಂದು ಕೇಳಿದ್ದೆ.

"ಎರಡರ ಅನುಭವವೂ ಆಗುತ್ತೆ ಕಣೇ."

ಆಯಿತು, ಚೆನ್ನಾಗಿಯೇ ಆಯಿತು.

ಮೊದಲ ಹೋಟೆಲಿನವರು ಬೆಳಿಗ್ಗೆಯೇ ಖಾಲಿ ಮಾಡಿ ಎಂದರು. ಎರಡನೆಯವರು ಮಧ್ಯಾಹ್ನವಾಗದೆ ರೂಮು ಕೊಡುವುದಿಲ್ಲ ಎಂದರು. ನಡುವೆ ನಾವು ಯಾರಿಗೂ ಬೇಡದವರು. ಮಂಡಿನೋವಿನ ಅತ್ತೆ, ಬರುವಾಗ ಇದ್ದದ್ದಕ್ಕಿಂತ ಯಾವ ಮಾಯದಲ್ಲೋ ಹೆಚ್ಚಾಗಿದ್ದ ಚೀಲಗಳು, ಒಣಗದ ಬಟ್ಟೆಗಳ ಒಂದು ಗಂಟು, ಎಲ್ಲವನ್ನೂ ಹೇರಿಕೊಂಡು ಹೊಸ ಹೋಟೆಲಿನ ಹಜಾರದಲ್ಲಿ ಕೂತೆವು. ಆಗಲೂ ನಾನು ರೇಗಲಿಲ್ಲ. ಹಲ್ಲು ಕಚ್ಚಿಕೊಂಡಿದ್ದೆ, ಅಷ್ಟೇ.

ಮಗಳಿಗೆ ಮನೆಯಲ್ಲಿ ಎಲ್ಲರೂ ಚೋಟಿ ಅನ್ನುವುದು. ಹೋದ ವರ್ಷ ಇದೇ ಪಾರ್ಕಿನ ರೋಲರ್ ಕೋಸ್ಟರ್ ಬಳಿ ಅವಳನ್ನು ಅಳತೆಯ ಹಲಗೆಗೆ ನಿಲ್ಲಿಸಿ, ಒಂದು ಬೆರಳು ಕಮ್ಮಿ ಎಂದು ವಾಪಸು ಕಳಿಸಿದ್ದರು. ಅಂದಿನಿಂದ ಮಗು ಕಿಟಕಿಯ ಸರಳು ಹಿಡಿದು ಜೋತಾಡಿ ಜೋತಾಡಿ ಬೆಳೆದಿದೆ. ಈ ಸಲ ಬಂದರೆ ಕೋಸ್ಟರೇ ರಿಪೇರಿಯಲ್ಲಿತ್ತು. ಶುರುವಾಗಿದ್ದು ಇವತ್ತು. ನಮ್ಮ ಪ್ರವೇಶದ ಕಾರ್ಡುಗಳಿಗೂ ಇವತ್ತೇ ಕೊನೆಯ ದಿನ.

"ಎಲ್ಲಿ, ಕಾರ್ಡು ಕೊಡು, ಹೊರಡೋಣ" ಎಂದರು ಯಜಮಾನರು.

"ನಿಮ್ಮ ಹತ್ರ ಅಲ್ವಾ ಇರೋದು?"

"ನಿನ್ನೆ ರಾತ್ರಿ ನೀನೇ ಇಸ್ಕೊಂಡ ನೆನಪು."

"ನೆನಪಾ? ಅದು ಬೇರೆ ಇದೆಯಾ ನಿಮಗೆ?"

ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. ನಾನು ಮಾತಿನವಳಲ್ಲ, ಕೇಳಿಸಿಕೊಳ್ಳುವವಳು. ವರ್ಷಗಟ್ಟಲೆ ಕೇಳಿಸಿಕೊಂಡವಳು ಬಾಯಿ ತೆರೆದರೆ ಏನಾಗುತ್ತದೆ ಎಂಬುದನ್ನು ಆ ಹಜಾರ ಕಂಡಿತು. ಇವರು ಬಸ್ಸಿನಲ್ಲಿ ಬಿಟ್ಟ ಛತ್ರಿಗಳು, ಹಣೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕಿಸಿದ ಕನ್ನಡಕ, ಮದುವೆಯ ದಿನವೇ ಕಳೆದ ಹೊಸ ಚಪ್ಪಲಿ, ಯಾವುದನ್ನೂ ಬಿಡಲಿಲ್ಲ. "ಒಂದು ಹೋಟೆಲಿನಲ್ಲೇ ನಿಮ್ಮನ್ನ ನೀವು ಕಳ್ಕೋತೀರ, ಎರಡು ಬೇಕಿತ್ತಾ ನಿಮಗೆ?" ಎನ್ನುತ್ತ ಹೊಳೆಯುವ ನೆಲದ ಮೇಲೆ ಚೀಲಗಳನ್ನು ಒಂದೊಂದಾಗಿ ಕೊಡವಿದೆ. ಒದ್ದೆ ಬಟ್ಟೆ, ಬಾಚಣಿಗೆ, ಅತ್ತೆಯ ಮಂಡಿಯ ಮುಲಾಮು ಹೊರಬಂದವು. ಕಾರ್ಡು ಮಾತ್ರ ಬರಲಿಲ್ಲ. ನೀರು ತಂದ ಹೋಟೆಲಿನವನು ಲೋಟಗಳನ್ನು ದೂರದಲ್ಲೇ ಇಟ್ಟು ಜಾಗ ಖಾಲಿ ಮಾಡಿದ.

ಇವರು ಬಗ್ಗಿ ಎಲ್ಲವನ್ನೂ ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದರು. ಅದು ಇನ್ನಷ್ಟು ಉರಿಸಿತು.

ಕಂಬಕ್ಕೆ ಬೆನ್ನು ಹಚ್ಚಿ, ನೆತ್ತಿಯ ಮೇಲೆ ಅಂಗೈ ಇಟ್ಟು ನಿಂತಿದ್ದ ಚೋಟಿ, "ಅಮ್ಮಾ, ಸಂಜೆಗೆ ಮುಚ್ತಾರಂತೆ" ಎಂದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

ಆಗ ಇವರ ಫೋನು ಬಡಿದುಕೊಂಡಿತು. ಕೇಳಿದರು, ನನ್ನ ಮುಖ ನೋಡಿದರು, ಫೋನನ್ನು ನನ್ನ ಕೈಗೇ ಕೊಟ್ಟರು. ಮೊದಲ ಹೋಟೆಲಿನ ಹುಡುಗಿ.

"ಮೇಡಂ, ನಿಮ್ಮ ರೂಮಿನ ಬೀರುವಿನಲ್ಲಿ ದೇವರ ಪಟ ಇದೆಯಂತೆ. ಕ್ಲೀನ್ ಮಾಡೋರು ಮುಟ್ಟಬಹುದಾ ಅಂತ ಕೇಳ್ತಿದ್ದಾರೆ. ಅದರ ಹಿಂದೆ ಪಾರ್ಕಿನ ಕಾರ್ಡುಗಳೂ ಇವೆಯಂತೆ."

ಹೌದು. ಇವರ ಕೈಗೆ ಸಿಕ್ಕರೆ ಕಳೆದುಹೋಗುತ್ತವೆ ಎಂದು ನಾನೇ ಅಲ್ಲಿ ಬಚ್ಚಿಟ್ಟಿದ್ದೆ. ಬೆಳಿಗ್ಗೆ ಹಾಸಿಗೆ ಮಡಿಸಿ, ಹೋಟೆಲಿನ ಲೋಟಗಳನ್ನೂ ತೊಳೆದಿಟ್ಟು ಬಂದವಳು ದೇವರನ್ನೇ ಬಿಟ್ಟು ಬಂದಿದ್ದೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಟ್ಯಾಕ್ಸಿಗೆ ಓಡಿಯಾಗಿತ್ತು. ಬೆವರು ಒರೆಸಿಕೊಳ್ಳುತ್ತ ಬಂದು ಪಟವನ್ನು ನನ್ನ ಮಡಿಲಲ್ಲಿಟ್ಟರು. ಒಂದು ಮಾತು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ರೋಲರ್ ಕೋಸ್ಟರಿನ ಸಾಲಿನ ಕೊನೆಯಲ್ಲಿ ನಿಂತೆವು. ಕಾವಲಿನವನು ಚೋಟಿಯ ಜುಟ್ಟನ್ನು ಒತ್ತಿ ಅಳೆದ. ಗೆರೆ ದಾಟಿತ್ತು. ಅಪ್ಪ ಮಗಳು ಮೇಲೇರಿದರು. ಕೆಳಗಿನ ಬೆಂಚಿನಲ್ಲಿ ನಾನು ಪಟ ಹಿಡಿದು ಕಣ್ಣು ಮುಚ್ಚಿದೆ.

"ಏನು ಬೇಡ್ಕೋತಿದ್ದೀಯ?" ಅತ್ತೆ ಕೇಳಿದರು.

"ಮಾತು ತಪ್ಪಿದೆನಲ್ಲ ಅತ್ತೆ. ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಕ್ಷಮಿಸು ಅಂತ ಕೇಳ್ತಿದ್ದೆ."

"ಆ ದೇವರು ಆ ಹೋಟೆಲಿನಲ್ಲೇ ಇದ್ದನಲ್ಲಮ್ಮ, ಅವನಿಗೆ ಒಂದೂ ಕೇಳಿಸಿಲ್ಲ" ಎಂದು ಅತ್ತೆ ಕತ್ತೆತ್ತಿ ಮೇಲೆ ಬೆರಳು ತೋರಿಸಿದರು. "ಎಲ್ಲ ಕೇಳಿಸಿಕೊಂಡವನು ಅಗೋ, ಅಲ್ಲಿ ತಲೆಕೆಳಗಾಗಿ ನೇತಾಡ್ತಿದ್ದಾನೆ. ಇಳಿದು ಬರಲಿ, ಅವನಿಗೆ ಕೈಮುಗಿ."