ಕೋರ್ ಫೈಲಿಗೆ ಕಾವಲು ಕೂತಿದ್ದು

ಕೆ.ಆರ್. ನಗರದ ಒಂದು ಅಕ್ಕಿ ಗಿರಣಿಗೆ ಯುನಿಕ್ಸ್ ಕಂಪ್ಯೂಟರ್ ಬಂದಾಗ ಅದರ ಸಕಲ ಜವಾಬ್ದಾರಿಯೂ ನನ್ನ ಹೆಗಲೇರಿತು. ಮೈಸೂರಿನಲ್ಲಿ ಕೋರ್ಸ್ ಮುಗಿಸಿ ಬಂದಿದ್ದ ನನಗೆ ಆ ಯಂತ್ರದಲ್ಲಿ ಗೊತ್ತಿಲ್ಲದ್ದು ಏನೂ ಇಲ್ಲವೆಂದು ಗಿರಣಿಯ ಸಾಹುಕಾರರಾದ ಶಾಂತಪ್ಪನವರು ನಂಬಿದ್ದರು. ನಾನೂ ನಂಬಿದ್ದೆ.

ಸುಗ್ಗಿಯ ಒಂದು ಬೆಳಿಗ್ಗೆ ಭತ್ತದ ಟ್ರ್ಯಾಕ್ಟರುಗಳು ಗೇಟು ದಾಟಿ ರಸ್ತೆವರೆಗೂ ನಿಂತಿದ್ದವು. ಎಲ್ಲರಿಗಿಂತ ಮುಂದೆ ಮಿರ್ಲೆಯ ಬೋರೇಗೌಡರು. ಅವರ ತೂಕದ ಚೀಟಿ ಮಾಡಲು ಕೂತೆ. ಪ್ರೋಗ್ರಾಂ ಬಿದ್ದುಹೋಯಿತು. ಡಿಸ್ಕಿನಲ್ಲಿ ಜಾಗವಿಲ್ಲ ಎಂದು ಪರದೆಯ ಮೇಲೆ ಬಂತು.

"ಒಂದೈದು ನಿಮಿಷ ಕೂತ್ಕೊಳ್ಳಿ ಗೌಡ್ರೆ, ಜಾಗ ಮಾಡ್ತೀನಿ," ಎಂದೆ. ಅವರು ಬೆಂಚಿನ ಮೇಲೆ ಕೂತರು.

ಯಾವ ಫೈಲು ಎಷ್ಟು ದಪ್ಪಗಿದೆ ಎಂದು ಹುಡುಕಿದೆ. ಎಲ್ಲಕ್ಕಿಂತ ದೊಡ್ಡದರ ಹೆಸರು ‘ಕೋರ್’. ಕೋರ್ ಎಂದರೆ ತಿರುಳು. ಅಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು. ಯಂತ್ರದ ಜೀವವೇ ಅದರಲ್ಲಿರಬೇಕು, ಅದನ್ನು ಯಾವ ಕಾರಣಕ್ಕೂ ಮುಟ್ಟತಕ್ಕದ್ದಲ್ಲ ಎಂದು ತೀರ್ಮಾನಿಸಿ ಬೇಡದ್ದನ್ನು ಹುಡುಕಿದೆ. ಕಮಾಂಡುಗಳ ವಿವರಣೆಯ ಪುಟಗಳು ಸಿಕ್ಕವು. ಎಲ್ಲ ಬಲ್ಲವನಿಗೆ ವಿವರಣೆ ಯಾಕೆ? ಅಳಿಸಿದೆ.

ಪ್ರೋಗ್ರಾಂ ಶುರುಮಾಡಿದೆ. ಮತ್ತೆ ಬಿತ್ತು. ಸಿಕ್ಕ ಜಾಗವನ್ನೆಲ್ಲ ನುಂಗಿ ಕೋರ್ ಇನ್ನಷ್ಟು ದಪ್ಪಗಾಗಿತ್ತು. ತಿರುಳು ಬೆಳೆಯುತ್ತಿದೆಯಲ್ಲ ಎಂದು ನನಗೆ ಸಮಾಧಾನವೇ ಆಯಿತು. ಅಕಸ್ಮಾತ್ ಅದಕ್ಕೇನಾದರೂ ಆಗಿಬಿಟ್ಟರೆ ಎಂದು ಡಿಸ್ಕಿನ ಇನ್ನೊಂದು ಪಾರ್ಟಿಶನ್ನಿನಲ್ಲಿ, ಅಂದರೆ ಪಕ್ಕದ ಕೋಣೆಯಲ್ಲಿ, ಅದರ ನಕಲೊಂದನ್ನು ಇಟ್ಟೆ. ಪ್ರಿಂಟರಿಗೆ ಹೋಗುವ ಚೀಟಿಗಳು ಸರದಿ ಕಾಯುವುದು ಅದೇ ಕೋಣೆಯಲ್ಲಿ. ಅದೂ ತುಂಬಿತು. ಪ್ರಿಂಟರೂ ನಿಂತಿತು.

"ಆಯ್ತೇನಪ್ಪ?" ಶಾಂತಪ್ಪನವರು ಇಣುಕಿದರು.

"ತಿರುಳು ಭದ್ರವಾಗಿದೆ ಸಾರ್."

"ತಿರುಳು ಇರ್ಲಿ. ಚೀಟಿ?"

ಉತ್ತರಕ್ಕೆ ಕಾಯದೆ ಅವರು ಅಂಗಳದಲ್ಲಿ ಮೇಜು ಹಾಕಿಸಿ, ಕಾರ್ಬನ್ ಇಟ್ಟು ಕೈಯಲ್ಲೇ ಚೀಟಿ ಬರೆಯತೊಡಗಿದರು. ನನಗೆ ಮುಂದಿನ ದಾರಿ ತೋಚಲಿಲ್ಲ. ವಿವರಣೆ ಓದೋಣವೆಂದರೆ ಆ ಪುಟಗಳನ್ನು ನಾನೇ ಅಳಿಸಿದ್ದೆ. ಕೊನೆಗೆ ಯಂತ್ರ ಕೊಟ್ಟ ಕಂಪನಿಯ ಮೈಸೂರಿನ ಎಂಜಿನಿಯರಿಗೆ ಫೋನ್ ಮಾಡಿ, ಡಿಸ್ಕ್ ತುಂಬಿ ಪ್ರೋಗ್ರಾಂ ಬೀಳುತ್ತಿದೆ ಎಂದೆ.

"ಕೋರ್ ಅಂತ ಫೈಲ್ ಬಿದ್ದಿದ್ಯಾ ನೋಡ್ರಿ," ಎಂದರು.

"ಇದೆ ಸಾರ್. ಎರಡು ಕಡೆ ಜೋಪಾನವಾಗಿ ಇಟ್ಟಿದ್ದೀನಿ."

"ಅದು ಪ್ರೋಗ್ರಾಂ ಸತ್ತಾಗ ಬೀಳೋ ಹೆಣ ಕಣ್ರೀ. ಯಾಕೆ ಸತ್ತಿತು ಅಂತ ಕೊಯ್ದು ನೋಡೋರಿಗೆ ಬೇಕಾಗುತ್ತೆ, ನಿಮಗಲ್ಲ. ತೆಗೆದುಹಾಕಿ."

"ಹೆಣವಾ ಸಾರ್?"

ಬೆಂಚಿನಿಂದ ಬೋರೇಗೌಡರು ಗಾಬರಿಯಾಗಿ ಎದ್ದರು. "ಯಾರಪ್ಪ ಓಗ್ಬುಟ್ರು?"

"ಯಾರೂ ಇಲ್ಲ ಗೌಡ್ರೆ, ಕೂತ್ಕೊಳ್ಳಿ."

ಹೆಣವನ್ನೂ ಅದರ ನಕಲನ್ನೂ ಅಳಿಸಿದೆ. ಪ್ರೋಗ್ರಾಂ ಎದ್ದು ಕೂತಿತು. ಪ್ರಿಂಟರ್ ಕಿರುಗುಟ್ಟಿತು. "ಬನ್ನಿ ಗೌಡ್ರೆ," ಎಂದು ಗೆದ್ದವನಂತೆ ಕರೆದೆ.

ಅವರು ಕಿಟಕಿಯಾಚೆ ನೋಡುತ್ತಿದ್ದರು. ಅಂಗಳ ಖಾಲಿ. ಹಿಂದೆ ನಿಂತಿದ್ದವರೆಲ್ಲ ಸಾಹುಕಾರರ ಕೈಬರಹದ ಚೀಟಿ ಹಿಡಿದು ಹೊರಟುಹೋಗಿದ್ದರು.

"ನಿನ್ನ ನಂಬ್ಕಂಡು ಕೂತೋನು ನಾನೊಬ್ನೆ ಕಣಪ್ಪ," ಎಂದವರೇ ಹೊರಗೆ ನಡೆದರು. "ಸಾವ್ಕಾರ್ರೆ, ನಂಗೂ ಒಂದು ಬರ್ಕೊಟ್ಬುಡಿ ಅತ್ಲಾಗೆ."

ಶಾಂತಪ್ಪನವರು ಬರೆದುಕೊಟ್ಟರು. ಆಮೇಲೆ ಒಳಗೆ ಬಂದು, ದಿನದ ಚೀಟಿಗಳ ನಕಲಿನ ಕಂತೆಯನ್ನು ನನ್ನ ಮುಂದಿಟ್ಟರು.

"ಈಗ ಜಾಗ ಐತಲ್ಲಪ್ಪ. ಕೂತ್ಕಂಡು ಇವನ್ನೆಲ್ಲ ತುಂಬು."