ಮಾವ ಹೊಲಿದ ಬಚ್ಚಲು

ನಮ್ಮ ಸೋದರಮಾವ ಬಚ್ಚಲುಮನೆ ಕಟ್ಟಿಸಲಿಲ್ಲ, ಹೊಲಿದರು! ಉತ್ಪ್ರೇಕ್ಷೆ ಅನ್ನಬೇಡಿ. ಕೋಲಾರದ ಪತ್ರಿಕೆಯೊಂದರಲ್ಲಿ ಕೆಲಸ ಮಾಡುವವನು ನಾನು. ಕಣ್ಣಾರೆ ಕಂಡದ್ದನ್ನಷ್ಟೇ ಬರೆದು ಅಭ್ಯಾಸ. ಕೊರಳಿಗೆ ಟೇಪು ನೇತುಹಾಕಿಕೊಂಡು, ಕಿವಿಗೆ ಸೀಮೆಸುಣ್ಣ ಸಿಕ್ಕಿಸಿಕೊಂಡು, ನಾಲ್ಕಡಿ ಅಗಲ ಆರಡಿ ಉದ್ದದ ಬಚ್ಚಲಿಗೆ ಅವರು ಟ್ರಯಲ್ ನೋಡಿದ್ದನ್ನು ನಾನು ಕಂಡಿದ್ದೇನೆ. ಕಂಡದ್ದೇನು, ಆ ಟ್ರಯಲ್‌ಗೆ ಸಿಕ್ಕಿದವನೇ ನಾನು.

ಮಾವ ಮುಳಬಾಗಿಲಿನಲ್ಲಿ ಲೇಡೀಸ್ ಟೈಲರ್. ಕೈ ಚಿನ್ನ, ನಾಲಿಗೆಯ ಮೇಲೆ ಮಾತ್ರ ಸದಾ ‘ನಾಳೆ ಬನ್ನಿ’. ಯುಗಾದಿಗೆಂದು ಕೊಟ್ಟ ಬಟ್ಟೆ ಗೌರಿಹಬ್ಬಕ್ಕೆ ಕೈಸೇರಿದರೆ ಪುಣ್ಯ. ತಡವೇಕೆಂದರೆ, ಅವರು ಬಟ್ಟೆಯ ಮುಂದೆ ಕನಸು ಕಾಣುತ್ತಾರೆ. ಬಟ್ಟೆ ಹರಡಿಕೊಂಡು ಅರೆಗಣ್ಣಾಗಿ ಕೂತರೆಂದರೆ, ಅದನ್ನು ತೊಡುವವಳು ಆ ಕಣ್ಣೊಳಗೆ ಬಾಗಿ, ಎದ್ದು, ಮಗುವನ್ನೆತ್ತಿ, ಬಸ್ಸು ಹತ್ತಿ, ಊರು ಸುತ್ತಿ ಬಂದ ಮೇಲೇ ಕತ್ತರಿ ಏಳುವುದು!

ಎರಡು ವರ್ಷದ ಹಿಂದೆ ಅತ್ತೆಗೆ ಲಕ್ವ ಹೊಡೆಯಿತು. ಮಾತು ಉಳಿಯಿತು. ಕಾಲು ಎಳೆದುಕೊಂಡಾದರೂ ನಡೆಯಿತು. ಬಲಗೈ ಮಾತ್ರ ಮಡಿಲಲ್ಲಿ ಮಲಗಿಬಿಟ್ಟಿತು. ಹಳೆಯ ಬಚ್ಚಲಿಗೆ ಎತ್ತರದ ಹೊಸ್ತಿಲು, ಒಳಗಿನ ಅರ್ಧ ಜಾಗ ಹಂಡೆಯದು. ಮಗಳು ಶೈಲಾ ದಿನವೂ ಸ್ನಾನ ಮಾಡಿಸುತ್ತಿದ್ದಳು. ಇಬ್ಬರಿಗೆ ಜಾಗ ಸಾಲದೆ ಬಾಗಿಲು ಅರ್ಧ ತೆರೆದೇ ಇರುತ್ತಿತ್ತು. ಹಜಾರದಲ್ಲಿದ್ದವರು ಎದುರು ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದುತ್ತಾ ಕೂರಬೇಕಿತ್ತು.

ಒಮ್ಮೆ ಕೇಳಿದೆ: “ಅತ್ತೆ, ಕೋಲಾರದಿಂದ ಏನಾದ್ರೂ ತರ್ಲಾ?”

“ಒಂದಿನ ಚಿಲಕ ಹಾಕ್ಕೊಂಡು ಸ್ನಾನ ಮಾಡ್ಬೇಕು ಕಣೋ. ಒಬ್ಳೇ. ಕೋಲಾರದಲ್ಲಿ ಸಿಗುತ್ತಾ ನೋಡು” ಅಂದರು ಅತ್ತೆ.

“ಒಳಗೆ ಬಿದ್ದೋದ್ರೆ?” ಎಂದಳು ಶೈಲಾ. ಅದೂ ನ್ಯಾಯವೇ.

ಮಾವ ಅರೆಗಣ್ಣಾದರು.

ಮುಂದಿನ ಸಲ ಹೋದಾಗ ಅಂಗಡಿಯ ಎರಡು ಹೊಲಿಗೆ ಮಿಷನ್ನುಗಳಲ್ಲಿ ಒಂದು ಇರಲಿಲ್ಲ. ಬಚ್ಚಲಿನ ಬಜೆಟ್ಟು ಅದೇ ಎಂದು ತಿಳಿಯಿತು. ಆ ಮಿಷನ್ನು ಮಾರಿದ ದುಡ್ಡು ಎಷ್ಟು ದೂರ ಓಡಿದರೆ ಬಚ್ಚಲೂ ಅಷ್ಟೇ ದೂರ.

ಮಾವ ತಾರಸಿಯ ಮೇಲಿದ್ದರು. ಕೆಳಗಿನ ಬಚ್ಚಲಿನ ನೆತ್ತಿಗೆ ಸರಿಯಾಗಿ ಸೀಮೆಸುಣ್ಣದಲ್ಲಿ ಇನ್ನೊಂದು ಬಚ್ಚಲು ಬರೆದಿದ್ದರು. ನಾಲ್ಕು ಗೋಡೆ, ಒಂದು ಬಾಗಿಲು, ನಲ್ಲಿ, ಕಿಟಕಿ. ನಡುವೆ ಪ್ಲಾಸ್ಟಿಕ್ ಸ್ಟೂಲು. ನಾನು ನೆಟ್ಟಗೆ ಅವರತ್ತ ನಡೆದೆ.

“ಏಮ್ರಾ! ಗೋಡೆ ತೂರ್ಕೊಂಡು ಬರ್ತೀಯಲ್ಲೋ! ಬಾಗಿಲು ಕಾಣಲ್ವಾ?”

ಹಿಂದಕ್ಕೆ ಹೋಗಿ ಬಾಗಿಲಿನಿಂದಲೇ ಬಂದೆ. ಗಾಳಿಯಲ್ಲಿ ಬಾಗಿಲು ಮುಚ್ಚಿದೆ ಕೂಡ. ಮೂವತ್ತು ಸಾಲಿನ ವರದಿಗೆ ಮೂರು ಸಲ ಖಚಿತ ಮಾಡಿಕೊಳ್ಳುವವನು ನಾನು, ಇಲ್ಲದ ಬಾಗಿಲನ್ನು ಮುಚ್ಚಿದೆ! ಮಾವ ಲಂಗದ ಲಾಡಿಯೊಂದನ್ನು ತೆಗೆದು ನನ್ನ ಬಲಗೈಯನ್ನು ಸೊಂಟಕ್ಕೆ ಬಿಗಿದರು. “ಈಗ ಎಡಗೈಲಿ ನೀರು ಹುಯ್ಕೋ. ಬೆನ್ನಿಗೆ ಎಟುಕುತ್ತಾ? ಸೋಪು ಎಲ್ಲಿದ್ರೆ ಸಿಗುತ್ತೆ?”

ಪಕ್ಕದ ತಾರಸಿಯಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದ ಹೆಂಗಸು ಬಗ್ಗಿ ನೋಡಿದಳು. “ಏನಣ್ಣಾ, ಯಾಕೆ ಕಟ್ಟಾಕಿದ್ದೀರಾ? ಏನ್ ಕದ್ದ?”

“ಕದ್ದಿಲ್ಲಮ್ಮ, ಸ್ನಾನ ಮಾಡ್ತಿದಾನೆ” ಅಂದರು ಮಾವ.

ಅತ್ತೆಗೆ ಮೆಟ್ಟಿಲು ಹತ್ತಲಾಗದು. ಹಾಗಾಗಿ ಅಳತೆಗಳು ಕೆಳಗೆ, ಕನಸು ಮೇಲೆ. ಹಜಾರದಲ್ಲಿ ಅತ್ತೆಯನ್ನು ಕೂರಿಸಿ, ಕೂತ ಎತ್ತರ, ಎಡಗೈ ಚಾಚಿದ ದೂರ, ಏಳುವಾಗ ಕೈ ಊರುವ ಜಾಗ, ಎಲ್ಲವನ್ನೂ ಇಂಚಿನಲ್ಲಿ ಬರೆದುಕೊಂಡರು.

“ಇಷ್ಟು ಅಳತೆ ನನ್ನ ಬ್ಲೌಸಿಗೂ ತಗೊಂಡಿರ್ಲಿಲ್ವಲ್ಲ ರೀ! ಯಾವತ್ತಿಗೆ ಕೊಡ್ತೀರಾ?”

“ನಾಳೆ” ಅಂದರು ಮಾವ. ಲಕ್ವ ಹೊಡೆದ ಮೇಲೆ ಅತ್ತೆ ಅಷ್ಟು ನಕ್ಕದ್ದನ್ನು ನಾವು ನೋಡಿರಲಿಲ್ಲ.

ಸಂಜೆಗಳಲ್ಲಿ ಮಾವ ಒಬ್ಬರೇ ಆ ಗೆರೆಗಳೊಳಗೆ ಕೂರುತ್ತಿದ್ದರು. ಬೆಟ್ಟದ ಬಂಡೆಗಳು ಕೆಂಪಾಗಿ, ಬೂದಿಯಾಗಿ, ಕರಗುತ್ತಿದ್ದವು. ನಂಗಲಿಯ ಕಡೆ ಹೋಗುವ ಲಾರಿಗಳ ಸದ್ದು ದೂರದಿಂದ ನೀರು ಕಾದಂತೆ ಕೇಳುತ್ತಿತ್ತು. ಅವರ ಎಡಗೈ ಇಲ್ಲದ ಚೊಂಬನ್ನೆತ್ತಿ ಇಲ್ಲದ ನೀರನ್ನು ಹೆಗಲಿಗೆ ಸುರಿಯುತ್ತಿತ್ತು. ನೋಡುತ್ತಾ ನಿಂತರೆ ನಮ್ಮ ಬೆನ್ನೂ ತಣ್ಣಗಾಗುತ್ತಿತ್ತು. ಒಂದು ಸಂಜೆ ಮಳೆ ಬಂದು ಆ ಬಚ್ಚಲೇ ಕೊಚ್ಚಿಕೊಂಡು ಹೋಯಿತು. ಬಚ್ಚಲಿಗೆ ನೀರು ಬಿದ್ದರೆ ಅಳಿಸಿಹೋಗುವುದು ಎಲ್ಲಾದರೂ ಉಂಟೇ? ಮರುದಿನ ಗೋಡೆಗೆ ಬಳಿಯುವ ಸುಣ್ಣದಲ್ಲಿ ಮತ್ತೆ ಬರೆದರು.

ಟೈಲ್ಸ್ ಅಂಗಡಿಯಲ್ಲಿ ಮಾವ ಕೇಳಿದ್ದೇನು? “ಕಟ್ ಪೀಸ್ ಇದೆಯಾ?” ಕೋಲಾರದ ಅಂಗಡಿಯವನು ನನ್ನ ಮುಖ ನೋಡಿದ. ಮಾಲೂರಿನವನು, ಪಾಪ, ಟೀ ತರಿಸಿದ. ಮಾವ ಒಂದೊಂದು ಬಿಲ್ಲೆಯನ್ನೂ ಬೆರಳ ನಡುವೆ ಉಜ್ಜಿ, “ಒಗೆದ್ರೆ ಬಣ್ಣ ಹೋಗಲ್ಲ ತಾನೆ?” ಅನ್ನುತ್ತಿದ್ದರು. ಆಮೇಲೆ ಅದನ್ನು ನೆಲಕ್ಕಿಟ್ಟು, ಕುಡಿಯಲು ಕೊಟ್ಟ ನೀರನ್ನೇ ಅದರ ಮೇಲೆ ಸುರಿದು, ಚಪ್ಪಲಿ ಬಿಟ್ಟು, ಅತ್ತೆಯ ಹಾಗೆ ಕಾಲೆಳೆದು ನಡೆಯುತ್ತಿದ್ದರು. ಜಾರಿದರೆ ಬೇಡ. ಜಾರದೆ ಉಳಿದವು ಎಲ್ಲೆಲ್ಲಿಯವೋ ಮಿಕ್ಕ ಪೆಟ್ಟಿಗೆಗಳು; ಶ್ರೀನಿವಾಸಪುರದ ಗಿರಾಕಿಯೊಬ್ಬರ ಮನೆಯಲ್ಲಿ ಉಳಿದಿದ್ದ ಮಾವಿನಕಾಯಿ ಹಸಿರಿನವೂ ಸೇರಿದವು. ನೆಲ ಕೊನೆಗೆ ಕೌದಿಯಂತಾಯಿತು.

ಹಳೆಯ ಬಚ್ಚಲನ್ನು ಒಡೆದು ಅಲ್ಲೇ ಹೊಸದನ್ನು ಕಟ್ಟಲು ಬಂದ ಮೇಸ್ತ್ರಿ ಅನ್ವರ್ ಭಾಯಿ ಒಳ್ಳೆಯ ಕೆಲಸಗಾರ, ಒಳ್ಳೆಯ ತಾಳ್ಮೆಗಾರ. ಕೂರುವ ಕಟ್ಟೆ ಕಟ್ಟುವಾಗ ಮಾವ, “ಎರಡಿಂಚು ಮಾರ್ಜಿನ್ ಬಿಡಿ. ಮುಂದೆ ಅವಳು ದಪ್ಪ ಆದ್ರೆ ಬಿಚ್ಚಿ ಹೊಲಿಬಹುದು” ಅಂದರು.

“ಟೈಲರ್ ಸಾಬ್, ಇದು ಸಿಮೆಂಟು!”

ಕೊನೆಗೆ ಉಳಿದದ್ದು ಚಿಲಕ. ಒಳಗಿನಿಂದ ಹಾಕಿದರೆ ಭದ್ರವಾಗಿರಬೇಕು. ಹೊರಗಿನಿಂದ ಜೋರಾಗಿ ಎಳೆದರೆ ಟಿಚ್ ಬಟನ್ನಿನಂತೆ ಪಟ್ಟನೆ ಬಿಟ್ಟುಕೊಳ್ಳಬೇಕು. ಶೈಲಾ ಒಪ್ಪಬೇಕೆಂದರೆ ಅದೊಂದೇ ದಾರಿ. ಅನ್ವರ್ ಭಾಯಿ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಮಾವ ಎಳೆದರು. ಬಾಗಿಲಿನ ಹಿಡಿ ಕೈಗೆ ಬಂತು. ಚಿಲಕ ಸೊಟ್ಟಗಾಗಿ ಅಲ್ಲೇ ಸಿಕ್ಕಿಕೊಂಡಿತು. ಒಳಗಿನಿಂದ ದೀನವಾದ ದನಿ:

“ಸಾಬ್, ಏನ್ ಬೇಕಾದ್ರೂ ಅನ್ನಿ, ‘ನಾಳೆ ಬನ್ನಿ’ ಅಂತ ಮಾತ್ರ ಅನ್ನಬೇಡಿ!”

ಅವರನ್ನು ಬಿಡಿಸಿದ ಮೇಲೆ ಸಣ್ಣ ಸ್ಕ್ರೂಗಳನ್ನು ಹಾಕಿ ನೋಡಿದ್ದಾಯಿತು. ಮೂರನೇ ಸಲಕ್ಕೆ ಚಿಲಕ ‘ಪಟ್’ ಎಂದು ಬಿಟ್ಟುಕೊಂಡಿತು. ಶೈಲಾ ತಾನೇ ಐದು ಸಲ ಎಳೆದು ನೋಡಿ ತಲೆಯಾಡಿಸಿದಳು.

ಅತ್ತೆಯ ಷರತ್ತೂ ಒಂದಿತ್ತು. “ನಾನು ಒಳಗಿರೋವಾಗ ಬಾಗಿಲ ಹತ್ರ ಯಾರೂ ನಿಲ್ಬಾರ್ದು. ನೀವಂತೂ ನಿಲ್ಲಲೇಬಾರ್ದು ರೀ.”

“ನಿಲ್ಲಲ್ಲ” ಎಂದು ಮಾವ ಮಾತು ಕೊಟ್ಟರು.

ಮೊದಲ ಸ್ನಾನದ ಬೆಳಿಗ್ಗೆ ಅತ್ತೆ ಹೊಸ್ತಿಲಿಲ್ಲದ ಬಾಗಿಲಿನಲ್ಲಿ ಕಾಲೆಳೆದುಕೊಂಡು ಒಳಹೋದರು. ಬಾಗಿಲು ಮುಚ್ಚಿತು. ಆಮೇಲೆ ಚಿಲಕದ ಸದ್ದು.

ಹಜಾರದಲ್ಲಿ ನಾನೂ ಶೈಲಾಳೂ ಕೂತಿದ್ದೆವು. ನೀರು ಸುರಿದಾಗ ಅವಳು ಉಸಿರುಬಿಟ್ಟಳು; ಸದ್ದು ನಿಂತಾಗ ಎದ್ದಳು; ಮತ್ತೆ ಸುರಿದಾಗ ಕೂತಳು. ಮಾವ ಎಲ್ಲಿ? ಹಜಾರದಲ್ಲಿಲ್ಲ, ಅಂಗಡಿಯಲ್ಲಿಲ್ಲ. ತಾರಸಿಗೆ ಹೋದೆ.

ಎಳೆಬಿಸಿಲಿನಲ್ಲಿ ಆ ಸುಣ್ಣದ ಗೆರೆಗಳು ಬೆಳ್ಳಗಿದ್ದವು. ಸ್ಟೂಲು ತೆಗೆದಿಟ್ಟಿದ್ದರು, ಒಳಗೆ ಏನೂ ಇರಲಿಲ್ಲ. ಮಾವ ಬಾಗಿಲಿನ ಗೆರೆಯ ಆಚೆ, ಅದಕ್ಕೆ ಬೆನ್ನು ಮಾಡಿ, ಕೊರಳಿನ ಟೇಪಿನ ಎರಡೂ ತುದಿ ಹಿಡಿದುಕೊಂಡು ನಿಂತಿದ್ದರು. ಕೆಳಗಿನ ಕಿಟಕಿಯಿಂದ ನೀರಿನ ಸದ್ದು ಬರುತ್ತಿತ್ತು. ಕೆಲಸವೆಲ್ಲ ಮುಗಿಯಿತಲ್ಲ ಎಂದು ನಾನು ನೆಟ್ಟಗೆ ಅವರತ್ತ ನಡೆದೆ.

“ಲೇ, ದಾಟ್ಬೇಡ್ವೋ!” ಅಂದರು ಪಿಸುದನಿಯಲ್ಲಿ, ತಿರುಗದೆಯೇ. “ಒಳಗೆ ನಿಮ್ಮತ್ತೆ ಇದಾಳೆ.”

ಎತ್ತಿದ ಕಾಲನ್ನು ಹಿಂದಕ್ಕಿಟ್ಟೆ. ಗೋಡೆಯನ್ನು ಸುತ್ತಿಕೊಂಡು ಹೋಗಿ ಅವರ ಪಕ್ಕದಲ್ಲಿ, ಬಾಗಿಲಿಗೆ ಬೆನ್ನು ಮಾಡಿ, ನಾನೂ ನಿಂತೆ.